ಧಮನಿಯ ಪೆಡಸುತನವೂ ನಮ್ಮ ಹಳ್ಳಿಗಳ ಆರೋಗ್ಯವೂ

ಹೃದಯರೋಗವು ಪಟ್ಟಣದ ಸಿರಿವಂತರ ಬೇನೆ, ಬೆವರು ಸುರಿಸಿ ದುಡಿಯುವ ರೈತನ ಗೊಡವೆಗೆ ಅದು ಬಾರದು ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಹುಕಾಲ ಬೇರೂರಿತ್ತು. ಇಂದು ಆ ನಂಬಿಕೆಗೆ ಯಾವ ಆಧಾರವೂ ಉಳಿದಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಾಗಲಿ, ಕಲಘಟಗಿಯ ಮಲೆನಾಡಿನ ಸೆರಗಿನಲ್ಲಾಗಲಿ, ಐವತ್ತು ತುಂಬುವ ಮೊದಲೇ ಮನೆಯ ಯಜಮಾನನು ಎದೆನೋವಿನಿಂದಲೋ ಲಕ್ವದಿಂದಲೋ ಕುಸಿದುಬಿದ್ದ ಸುದ್ದಿ ಈಗ ಅಪರೂಪದ್ದಲ್ಲ. ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ ಅಧ್ಯಯನವು, ದಕ್ಷಿಣ ಏಶಿಯದವರಿಗೆ ಮೊದಲ ಹೃದಯಾಘಾತ ತಗಲುವ ಮಧ್ಯಕ ವಯಸ್ಸು ೫೩ ಎಂದೂ, ಉಳಿದ ದೇಶಗಳಲ್ಲಿ ಅದು ಸುಮಾರು ೫೯ ಎಂದೂ ತೋರಿಸಿಕೊಟ್ಟಿತು. ಮಕ್ಕಳ ಓದು ಮುಗಿಯುವ ಮೊದಲು, ಸಾಲ ತೀರುವ ಮೊದಲು, ಹೆಣ್ಣುಮಕ್ಕಳ ಮದುವೆಯಾಗುವ ಮೊದಲು ಬರುವ ಮರಣವಿದು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ನಡುವರ್ಷ ಹೆಸರು ತಪ್ಪಿದ ಎಷ್ಟೋ ಮಕ್ಕಳ ಹಿಂದೆ ಇಂಥ ಕಥೆಯೇ ಇರುತ್ತದೆಂಬುದನ್ನು ಶಿಕ್ಷಕ ಬಂಧುಗಳು ನನಗಿಂತ ಚೆನ್ನಾಗಿ ಬಲ್ಲರು.

ಈ ಸಂದರ್ಭದಲ್ಲಿ ನಮ್ಮ ಸಂಸ್ಥೆಯ ಅಭಿಮಾನಿಗಳಾದ ಕೆಲವು ಹಳೆಯ ವಿದ್ಯಾರ್ಥಿಗಳು ಒಂದು ಸದಿಚ್ಛೆಯನ್ನು ಮುಂದಿಟ್ಟಿದ್ದಾರೆ. ಜಾತ್ರೆಯ ಕಾಲಕ್ಕೆ ನಡೆಯುವ ಉಚಿತ ಆರೋಗ್ಯ ತಪಾಸಣೆಗೆ, ಧಮನಿಗಳ ಪೆಡಸುತನವನ್ನು ಅಳೆದು ಮುಂದೆ ಬರಬಹುದಾದ ಹೃದಯರೋಗದ ಮುನ್ಸೂಚನೆ ಕೊಡುವ ಯಂತ್ರವೊಂದನ್ನು ಕೊಡಿಸಬೇಕೆಂಬುದು ಅವರ ಅಪೇಕ್ಷೆ. ಈ ಶಾಲೆಯ ಅನ್ನವನ್ನೂ ಅಕ್ಷರವನ್ನೂ ಉಂಡು ವೈದ್ಯನಾದವನೆಂಬ ಒಂದೇ ಅಧಿಕಾರದಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಓದುಗರ ಮುಂದಿಡಬಯಸುತ್ತೇನೆ. ಆ ಅಳತೆಯ ಹಿಂದಿನ ವಿಜ್ಞಾನ ಸತ್ಯವಾದದ್ದು, ಗೌರವಿಸತಕ್ಕದ್ದು. ಆದರೂ ನಮ್ಮ ನಿಧಿಯ ಮೊದಲ ರೂಪಾಯಿ ಅದಕ್ಕೆ ಸಲ್ಲತಕ್ಕದ್ದಲ್ಲ.

ಪೆಡಸುತನವೆಂದರೇನು?

ಹೃದಯವು ಒಂದು ಬಡಿತಕ್ಕೆ ಒಮ್ಮೆ ರಕ್ತವನ್ನು ಮಹಾಧಮನಿಯೊಳಗೆ ತಳ್ಳುತ್ತದೆ. ಆಗ ಮಹಾಧಮನಿಯ ಗೋಡೆ ಹಿಗ್ಗಿ, ಬಂದ ರಕ್ತದ ಒಂದು ಪಾಲನ್ನು ತನ್ನಲ್ಲಿ ತಡೆದುಕೊಂಡು, ಹೃದಯ ವಿರಮಿಸುವ ವೇಳೆಗೆ ಮೆಲ್ಲನೆ ಕುಗ್ಗಿ ಅದನ್ನು ಮುಂದಕ್ಕೆ ಸಾಗಿಸುತ್ತದೆ. ಇದರಿಂದ ಬಡಿತ ಬಡಿತಕ್ಕೂ ತುಂಡಾದ ಹರಿವು ಅಂಗಾಂಗಗಳನ್ನು ಮುಟ್ಟುವ ಹೊತ್ತಿಗೆ ಸಮವಾಗಿರುತ್ತದೆ. ಈ ಹಿಗ್ಗುವ ಗುಣ 'ಇಲಾಸ್ಟಿನ್' ಎಂಬ ತಂತುವಿನದು. ಇದು ಬಹುಮಟ್ಟಿಗೆ ಗರ್ಭದಲ್ಲಿಯೂ ಎಳೆಯ ಪ್ರಾಯದಲ್ಲಿಯೂ ನೇಯಲ್ಪಟ್ಟು, ಆಮೇಲೆ ಆಯುಷ್ಯವಿಡೀ ದುಡಿಯಬೇಕಾದ ವಸ್ತು. ನಿಮಿಷಕ್ಕೆ ಎಪ್ಪತ್ತು ಬಡಿತವೆಂದು ಹಿಡಿದರೂ ವರುಷಕ್ಕೆ ೩ ಕೋಟಿ ೬೭ ಲಕ್ಷಕ್ಕೂ ಮೀರಿದ ಸಲ ಆ ತಂತು ಎಳೆಯಲ್ಪಟ್ಟು ಸಡಿಲುತ್ತದೆ. ಕಾಲಕ್ರಮದಲ್ಲಿ ಅದು ಹರಿಯುತ್ತ ಬಂದಂತೆ ಅದರ ಭಾರವೆಲ್ಲ 'ಕೊಲಾಜೆನ್' ಎಂಬ ಬಿರುಸು ತಂತುವಿನ ಮೇಲೆ ಬೀಳುತ್ತದೆ. ಏರಿದ ರಕ್ತದೊತ್ತಡ, ಸಕ್ಕರೆ ರೋಗ, ತಂಬಾಕು, ಮೂತ್ರಪಿಂಡದ ವ್ಯಾಧಿ, ಇವೆಲ್ಲ ಈ ಕ್ಷಯವನ್ನು ತ್ವರೆಗೊಳಿಸುತ್ತವೆ. ಹೀಗೆ ಮೆತ್ತಗಿದ್ದ ನಾಳ ಗಡುಸಾಗುವುದನ್ನೇ ಧಮನಿಯ ಪೆಡಸುತನವೆನ್ನುತ್ತೇವೆ.

ಪಂಪ್‌ಸೆಟ್ಟನ್ನು ಕಂಡ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮೆತ್ತನೆಯ ರಬ್ಬರು ಕೊಳವೆಯಲ್ಲಿ ನೀರು ನುಗ್ಗಿದಾಗ ಕೊಳವೆ ತುಸು ಉಬ್ಬಿ ಆ ನೂಕನ್ನು ನುಂಗಿಕೊಳ್ಳುತ್ತದೆ. ಕಬ್ಬಿಣದ ಕೊಳವೆಯಲ್ಲಾದರೆ ಅದೇ ನೂಕು ಕೊನೆಯ ಜೋಡಣೆಯವರೆಗೂ ಗುದ್ದುತ್ತ ಹೋಗುತ್ತದೆ. ಶರೀರದಲ್ಲಿ ಆ ಗುದ್ದು ಬೀಳುವುದು ಮಿದುಳಿನ, ಮೂತ್ರಪಿಂಡಗಳ ಸೂಕ್ಷ್ಮ ನಾಳಗಳ ಮೇಲೆ. ಇತ್ತ ಹೃದಯವೂ ಗಡುಸಾದ ನಾಳಕ್ಕೆ ಎದುರಾಗಿ ಹೆಚ್ಚು ಬಲದಿಂದ ದುಡಿಯಬೇಕಾಗುತ್ತದೆ. ಹೃದಯದ ಸ್ವಂತ ನಾಳಗಳು ರಕ್ತ ಪಡೆಯುವುದು ಬಹುಪಾಲು ವಿರಾಮದ ವೇಳೆಯಲ್ಲಿಯೇ. ಆ ವೇಳೆಯ ಒತ್ತಡ ಇಳಿದುಹೋಗುವುದರಿಂದ, ದುಡಿಮೆ ಹೆಚ್ಚಿದವನಿಗೇ ಅನ್ನ ಕಡಿಮೆಯಾದಂತಾಗುತ್ತದೆ.

ಅಳೆಯುವ ಬಗೆ

ನಾಳದ ಗೋಡೆ ಗಡುಸಾದಷ್ಟೂ ಅದರೊಳಗೆ ನಾಡಿಯ ಅಲೆ ವೇಗವಾಗಿ ಓಡುತ್ತದೆ. ಈ ಅಲೆಯೇ ಬೇರೆ, ರಕ್ತದ ಹರಿವೇ ಬೇರೆ. ನೀರು ತುಂಬಿದ ಮಲಪ್ರಭೆಯ ಕಾಲುವೆಯಲ್ಲಿ ಮೇಲಿನ ಬಾಗಿಲನ್ನು ಎತ್ತಿದಾಗ, ಅಲ್ಲಿಯ ಹೊಸ ನೀರು ಬಂದು ತಲುಪುವುದಕ್ಕೆ ಬಹಳ ಮುಂಚೆಯೇ ಅದರ ಅಲೆ ಕೆಳಗಿನ ಹೊಲದ ಅಂಚನ್ನು ಮುಟ್ಟುವಂತೆ ಇದು. ಇಂಗ್ಲೆಂಡಿನ ವಿದ್ವಾಂಸ ಥಾಮಸ್ ಯಂಗ್ ೧೮೦೮ರಲ್ಲಿಯೇ ಈ ಅಲೆಯ ಸ್ವರೂಪವನ್ನು ಕುರಿತು ಉಪನ್ಯಾಸ ಮಾಡಿದ್ದ. ೧೮೭೮ರಲ್ಲಿ ಡಚ್ ವಿಜ್ಞಾನಿಗಳಾದ ಮೋಯೆನ್ಸ್ ಮತ್ತು ಕೋರ್ಟವೆಗ್ ಗೋಡೆಯ ಬಿಗಿತಕ್ಕೂ ಅಲೆಯ ವೇಗಕ್ಕೂ ಇರುವ ಗಣಿತವನ್ನು ಕಂಡುಕೊಂಡರು. ಉಳಿದುದೆಲ್ಲ ಸಮನಾಗಿದ್ದು ಗೋಡೆಯ ಬಿಗಿತ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆಂಬುದು ಅದರ ಸಾರ. ೧೯೨೨ರಲ್ಲಿ ಬ್ರಾಮ್‌ವೆಲ್ ಮತ್ತು ಹಿಲ್ ಎಂಬವರು ಇದನ್ನು ಮನುಷ್ಯರ ಧಮನಿಗಳಿಗೆ ಅನ್ವಯಿಸಿ ತೋರಿದರು.

ಈ ಪರಂಪರೆಯಲ್ಲಿ ಭಾರತದ ರಕ್ತವೂ ಹರಿದಿದೆಯೆಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ. ಪಾಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಶೇಕ್ ದೀನ್ ಮಹಮದನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ. ಮುಂಗೈಯ ನಾಡಿಯನ್ನು ಕಾಗದದ ಮೇಲೆ ಬರೆಯಿಸುವ ಉಪಕರಣವನ್ನು ಆತ ವಿದ್ಯಾರ್ಥಿಯಾಗಿದ್ದಾಗಲೇ ಸುಧಾರಿಸಿ, ೧೮೭೦ರ ದಶಕದಲ್ಲಿ, ಮೂತ್ರಪಿಂಡದ ರೋಗವಿಲ್ಲದವರಲ್ಲೂ ರಕ್ತದೊತ್ತಡ ಏರಿರಬಹುದೆಂದು ಆ ಗೆರೆಗಳನ್ನು ಓದಿಯೇ ಕಂಡುಕೊಂಡನು. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ರೂಢಿ ಇನ್ನೂ ಹುಟ್ಟದ ಕಾಲವದು. ೧೮೮೪ರಲ್ಲಿ, ಮೂವತ್ತೈದರ ಎಳೆಯ ಪ್ರಾಯದಲ್ಲಿ ಆತ ತೀರಿಕೊಂಡನು.

ಇಂದಿನ ಪ್ರಮಾಣಭೂತ ಕ್ರಮವಿಷ್ಟು. ಮಲಗಿದ ವ್ಯಕ್ತಿಯ ಕುತ್ತಿಗೆಯ ಧಮನಿಯಲ್ಲಿಯೂ ತೊಡೆಯ ಸಂದಿನ ಧಮನಿಯಲ್ಲಿಯೂ ನಾಡಿ ಯಾವ ಕ್ಷಣಕ್ಕೆ ತಲುಪಿತೆಂಬುದನ್ನು ಗುರುತಿಸುತ್ತಾರೆ. ಎರಡರ ನಡುವಿನ ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. ತಿದ್ದಿದ ದೂರ ಅರ್ಧ ಮೀಟರು, ಕಾಲ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಎಂದಾದರೆ ವೇಗ ಸೆಕೆಂಡಿಗೆ ೧೦ ಮೀಟರು. ೨೦೧೨ರಲ್ಲಿ ತಜ್ಞರು ಒಮ್ಮತದಿಂದ ಎಚ್ಚರಿಕೆಯ ಗೆರೆಯೆಂದು ಇಟ್ಟದ್ದು ಇದೇ ಸಂಖ್ಯೆಯನ್ನು. ಆರೋಗ್ಯವಂತ ತರುಣರಲ್ಲಿ ವೇಗ ಇದಕ್ಕಿಂತ ಬಹಳ ಕಡಿಮೆ.

ಮುನ್ಸೂಚನೆಯ ಬೆಲೆ

ಈ ಸಂಖ್ಯೆ ನಿಜವಾಗಿಯೂ ಭವಿಷ್ಯ ಹೇಳಬಲ್ಲದೇ? ಹೇಳಬಲ್ಲದು. ೨೦೧೦ರಲ್ಲಿ ೧೭ ಅಧ್ಯಯನಗಳ ೧೫,೮೭೭ ಜನರ ಲೆಕ್ಕವನ್ನು ಒಟ್ಟುಗೂಡಿಸಿದಾಗ, ವೇಗವು ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿದರೆ ಹೃದಯ ಮತ್ತು ರಕ್ತನಾಳಗಳ ಅವಘಡಗಳ ಸಂಭವ ಸುಮಾರು ಶೇಕಡಾ ೧೪ರಷ್ಟು ಏರುತ್ತದೆಂದು ಕಂಡುಬಂತು. ಅಮೆರಿಕದಲ್ಲಿ ೧೯೪೮ರಲ್ಲಿ ತೊಡಗಿದ ಫ್ರೇಮಿಂಗ್‌ಹ್ಯಾಮ್ ಊರಿನ ಸುಪ್ರಸಿದ್ಧ ಅಧ್ಯಯನವೂ ಅದೇ ವರುಷ ಇದನ್ನು ಸಮರ್ಥಿಸಿತು. ೨೦೧೪ರಲ್ಲಿ ೧೭,೬೩೫ ಜನರ ಮಾಹಿತಿಯನ್ನು ಒಬ್ಬೊಬ್ಬರದಾಗಿ ಪರಿಶೀಲಿಸಿದ ಇನ್ನೊಂದು ವರದಿಯು, ವಯಸ್ಸು, ರಕ್ತದೊತ್ತಡ, ತಂಬಾಕು ಮೊದಲಾದ ಎಂದಿನ ಲಕ್ಷಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಳತೆ ತನ್ನದೇ ಆದ ಒಂದು ಮಾತನ್ನು ಹೇಳುತ್ತದೆಂದು ಸಾರಿತು. ಅಪಾಯ ಹೆಚ್ಚೆಂದೂ ಹೇಳಲಾಗದ, ಕಡಿಮೆಯೆಂದೂ ಹೇಳಲಾಗದ ನಡುವಣ ವರ್ಗದವರಲ್ಲಿ ಇದರ ಪ್ರಯೋಜನ ಹೆಚ್ಚಾಗಿ ಕಂಡಿತು.

ರಕ್ತದೊತ್ತಡವು ಆ ಗಳಿಗೆಯ ಸುದ್ದಿ. ಪೆಡಸುತನವಾದರೋ ಕಳೆದ ಮೂವತ್ತು ನಲವತ್ತು ವರುಷಗಳ ಲೆಕ್ಕಪತ್ರ. ಆ ಲೆಕ್ಕಪತ್ರವನ್ನು ಓದಬಲ್ಲ ಉಪಕರಣವನ್ನು ಯಾವ ವೈದ್ಯನೂ ಹಗುರವಾಗಿ ಕಾಣಲಾರ.

ಈ ಕಾರ್ಯ ನಮ್ಮ ನೆರೆಯಲ್ಲಿಯೇ ನಡೆದಿದೆಯೆಂಬುದು ಹೆಮ್ಮೆಯ ಮಾತು. ಧಾರವಾಡದಲ್ಲಿ ಹುಟ್ಟಿದ ಡಾ. ಫ. ಗು. ಹಳಕಟ್ಟಿಯವರ ಪರಿಶ್ರಮದಿಂದ ೧೯೧೦ರಲ್ಲಿ ಮೊಳೆತ ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ ೧೯೮೬ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಅಲ್ಲಿಯ ಶರೀರಕ್ರಿಯಾಶಾಸ್ತ್ರದ ವಿಭಾಗದವರು ಹಿರಿಯ ವಯಸ್ಸಿನವರ ಧಮನಿಗಳ ಪೆಡಸುತನವನ್ನು, ಅದಕ್ಕೂ ಜೀವನಕ್ರಮಕ್ಕೂ ಇರುವ ಸಂಬಂಧವನ್ನು ಅಳೆದು ಪ್ರಕಟಿಸಿದ್ದಾರೆ. ಮದ್ರಾಸಿನ ಐ.ಐ.ಟಿ.ಯವರು ಕತ್ತಿನ ಧಮನಿಯ ಪೆಡಸುತನವನ್ನು ಶಬ್ದಾತೀತ ಅಲೆಗಳಿಂದ ಅಳೆಯುವ 'ಆರ್ಟ್‌ಸೆನ್ಸ್' ಎಂಬ ಸ್ವದೇಶಿ ಉಪಕರಣವನ್ನು ರೂಪಿಸಿದ್ದಾರೆ. ಇಂಥ ಕೆಲಸ ಅತ್ಯಗತ್ಯ. ಏಕೆಂದರೆ ೨೦೧೦ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಪ್ರಮುಖ ಮಾನದಂಡವು ಯುರೋಪಿನ ಎಂಟು ದೇಶಗಳ ಜನರನ್ನು ಅಳೆದು ಮಾಡಿದ್ದು. ಜೋಳದ ರೊಟ್ಟಿ ತಿಂದು ಬಿಸಿಲಲ್ಲಿ ಕಳೆ ತೆಗೆಯುವ ನಮ್ಮ ಹೆಣ್ಣುಮಗಳಿಗೆ ಯಾವುದು ಸಹಜ ವೇಗವೆಂಬುದನ್ನು ನಮ್ಮವರನ್ನು ಅಳೆದೇ ತಿಳಿಯಬೇಕು.

ಅಳತೆಯ ತೊಡಕುಗಳು

ಹಾಗಾದರೆ ಯಂತ್ರವನ್ನು ಜಾತ್ರೆಗೆ ತರಬಾರದೇಕೆ? ಮೊದಲನೆಯದಾಗಿ, ಇದು ನಾಜೂಕಿನ ಅಳತೆ. ಮೇಲೆ ಹೇಳಿದ ಉದಾಹರಣೆಯಲ್ಲಿ ಕಾಲವನ್ನು ಗುರುತಿಸುವಾಗ ಸೆಕೆಂಡಿನ ಇನ್ನೂರನೆಯ ಒಂದು ಪಾಲು ತಪ್ಪಿದರೆ ೧೦ ಎಂಬುದು ೧೧ ಆಗುತ್ತದೆ. ಬೊಜ್ಜಿನ ಹೊಟ್ಟೆಯ ಮೇಲೆ ಟೇಪು ಹಿಡಿದು ದೂರ ಅಳೆದರೆ ಇನ್ನಷ್ಟು ತಪ್ಪು. ವ್ಯಕ್ತಿ ಶಾಂತವಾದ ಕೋಣೆಯಲ್ಲಿ ಸುಮಾರು ಹತ್ತು ನಿಮಿಷ ಮಲಗಿರಬೇಕು, ಅದಕ್ಕೆ ಕೆಲವು ತಾಸು ಮೊದಲಿನಿಂದಲೇ ಚಹಾ, ತಂಬಾಕು ಸೇವಿಸಿರಬಾರದು. ಆ ಹೊತ್ತಿನ ರಕ್ತದೊತ್ತಡ ಏರಿದ್ದರೆ ವೇಗವೂ ಏರಿ ಕಾಣುತ್ತದೆ. ತೇರಿನ ಗದ್ದಲದಲ್ಲಿ, ನೂರಾರು ಜನರ ಸರದಿಯಲ್ಲಿ, ಮಂಡಕ್ಕಿ ಮಿರ್ಚಿ ತಿಂದು ಚಹಾ ಕುಡಿದು ಬಂದವರನ್ನು ಹೀಗೆ ಅಳೆಯುವುದು ಸಾಧ್ಯವೇ?

ಎರಡನೆಯದಾಗಿ, ಎಲ್ಲ ಯಂತ್ರಗಳೂ ಒಂದೇ ವಸ್ತುವನ್ನು ಅಳೆಯುವುದಿಲ್ಲ. ಕುತ್ತಿಗೆ ತೊಡೆಗಳ ನಡುವಿನ ವೇಗ ಬೇರೆ, ತೋಳು ಕಣಕಾಲುಗಳ ನಡುವಿನದು ಬೇರೆ. ಮೊದಲನೆಯದಕ್ಕೆ ೧೦ ಎಂಬ ಗೆರೆಯನ್ನು ಎರಡನೆಯದಕ್ಕೆ ಹಚ್ಚಿದರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. ಇನ್ನು ಕೆಲವು ಉಪಕರಣಗಳು ತೋಳಿನ ಒಂದೇ ಪಟ್ಟಿಯಿಂದ, ಬಹುಮಟ್ಟಿಗೆ ವ್ಯಕ್ತಿಯ ವಯಸ್ಸು ಮತ್ತು ರಕ್ತದೊತ್ತಡಗಳನ್ನು ಸೂತ್ರಕ್ಕೆ ಹಾಕಿ 'ನಿಮ್ಮ ನಾಳಗಳ ವಯಸ್ಸು ಇಷ್ಟು' ಎಂದು ಅಚ್ಚುಹಾಕಿ ಕೊಡುತ್ತವೆ. ನಾವು ಹೇಳಿದ್ದನ್ನೇ ನಮಗೆ ತಿರುಗಿ ಹೇಳುವ ಇಂಥ ಚೀಟಿ, ನಲವತ್ತರ ರೈತನಿಗೆ ಅರವತ್ತರ ನಾಳವೆಂಬ ಭಯವನ್ನು ಕೊಟ್ಟೀತೇ ಹೊರತು ಬೇರೇನನ್ನೂ ಕೊಡಲಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದ ಮಾತು. ಅಳೆದ ಮೇಲೆ ಮುಂದೇನು? ಈ ಅಳತೆಯನ್ನು ನೋಡಿಕೊಂಡು ಚಿಕಿತ್ಸೆ ನಡೆಸಿದರೆ ಹೆಚ್ಚು ಜನ ಉಳಿಯುವರೇ ಎಂಬುದನ್ನು ಫ್ರಾನ್ಸಿನಲ್ಲಿ 'ಸ್ಪಾರ್ಟ್' ಎಂಬ ಪ್ರಯೋಗದಿಂದ ಪರೀಕ್ಷಿಸಿದರು. ರಕ್ತದೊತ್ತಡವುಳ್ಳ ೫೩೬ ಜನರಲ್ಲಿ ಒಂದು ಗುಂಪಿಗೆ ನಾಡಿಯ ವೇಗವನ್ನು ಅನುಸರಿಸಿ, ಇನ್ನೊಂದಕ್ಕೆ ಎಂದಿನ ಕ್ರಮದಲ್ಲಿ ಔಷಧ ಕೊಟ್ಟರು. ೨೦೨೧ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಮೊದಲ ಗುಂಪಿನವರ ಧಮನಿಗಳು ಪೆಡಸಾಗುವುದು ತಡೆಗೊಂಡರೂ ಹೃದಯಾಘಾತ, ಲಕ್ವ ಮೊದಲಾದ ಅವಘಡಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದಾದ್ದರಿಂದ ಇದನ್ನು ಕೊನೆಯ ತೀರ್ಪೆನ್ನಲಾಗದು. ಆದರೂ ಪೆಡಸುತನ ಕಂಡವನಿಗೆ ವೈದ್ಯನು ಹೇಳುವ ಉಪಾಯಗಳು ಹಳೆಯವೇ: ಒತ್ತಡವನ್ನು ಇಳಿಸು, ಸಕ್ಕರೆಯನ್ನು ಹದ್ದಿನಲ್ಲಿಡು, ತಂಬಾಕು ಗುಟಕಾ ಬಿಡು, ಉಪ್ಪು ಕಡಿಮೆ ಮಾಡು, ನಡೆ. ಇವನ್ನು ಹೇಳಲು ತೋಳಪಟ್ಟಿಯ ಸಾದಾ ಯಂತ್ರ ಸಾಕು.

ಆ ಸಾದಾ ಯಂತ್ರವೂ ಪೆಡಸುತನದ ಒಂದು ಸುಳಿವನ್ನು ಪುಕ್ಕಟೆಯಾಗಿ ಕೊಡುತ್ತದೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮುಪ್ಪಿನವರಲ್ಲಿ ಮೇಲಿನ ಸಂಖ್ಯೆ ೧೬೦, ಕೆಳಗಿನದು ೭೦ ಎಂದು ಬಂದರೆ 'ಕೆಳಗಿನದು ಚೆನ್ನಾಗಿದೆ' ಎಂದು ಸಮಾಧಾನಪಡುವವರುಂಟು. ಎರಡರ ನಡುವಿನ ೯೦ರ ಅಂತರವೇ ಮಹಾಧಮನಿ ಹಿಗ್ಗುವುದನ್ನು ಮರೆತಿದೆಯೆಂಬುದರ ಗುರುತು.

ನಮ್ಮ ಕರ್ತವ್ಯ

೨೦೧೯ರಿಂದ ೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹದಿನೈದು ವರುಷಕ್ಕೆ ಮೇಲ್ಪಟ್ಟ ಭಾರತೀಯರಲ್ಲಿ ಹೆಂಗಸರು ಶೇಕಡಾ ೨೧, ಗಂಡಸರು ಶೇಕಡಾ ೨೪ ಜನ ಏರಿದ ರಕ್ತದೊತ್ತಡವುಳ್ಳವರು ಅಥವಾ ಅದಕ್ಕೆ ಔಷಧ ಸೇವಿಸುವವರು. ಇವರಲ್ಲಿ ಎಷ್ಟೋ ಜನರಿಗೆ ತಮಗೆ ಬೇನೆಯಿದೆಯೆಂಬುದೇ ತಿಳಿಯದು. ತಿಳಿದವರಲ್ಲಿ ಅನೇಕರು ತಲೆಸುತ್ತು ನಿಂತೊಡನೆ ಗುಳಿಗೆ ಬಿಡುತ್ತಾರೆ. ನಮ್ಮ ಕೊರತೆಯಿರುವುದು ಇಲ್ಲಿ. ಶಿಬಿರದಲ್ಲಿ ಒಮ್ಮೆ ಅಳೆಸಿಕೊಂಡು ಹೋದವನು ಮರುವರ್ಷದ ಜಾತ್ರೆಯವರೆಗೆ ಯಾರ ಕಣ್ಣಿಗೂ ಬೀಳದಿರುವುದು ನಮ್ಮ ನಿಜವಾದ ರೋಗ.

ಆದ್ದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆ ಹೀಗಿದೆ. ಆ ಹಣದಲ್ಲಿ ಮೊದಲು ನಮ್ಮ ಸಂಸ್ಥೆಯ ಪ್ರತಿಯೊಂದು ಶಾಲೆಗೂ ಪರೀಕ್ಷೆಗೊಳಪಟ್ಟು ಮಾನ್ಯವಾದ ತೋಳಪಟ್ಟಿಯ ರಕ್ತದೊತ್ತಡ ಯಂತ್ರವೊಂದು, ದಪ್ಪ ತೋಳಿಗೂ ಸಣ್ಣ ತೋಳಿಗೂ ಒಪ್ಪುವ ಪಟ್ಟಿಗಳು, ಒಂದು ತೂಕದ ಯಂತ್ರ ಮತ್ತು ಒಂದು ದಪ್ಪ ನೋಂದಣಿ ಪುಸ್ತಕ ಬರಲಿ. ಶಾಲೆಗೆ ಇಬ್ಬರು ಶಿಕ್ಷಕರಂತೆ ಅಳತೆಯ ಶಿಸ್ತನ್ನು ಕಲಿಯಲಿ: ಐದು ನಿಮಿಷ ಕುಳ್ಳಿರಿಸಬೇಕು, ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟಕ್ಕೆ, ಅಂಗಿಯ ಮೇಲೆ ಪಟ್ಟಿ ಕಟ್ಟಬಾರದು, ಮಾತಾಡಬಾರದು, ಎರಡು ಸಲ ಅಳೆಯಬೇಕು. ಮೂವತ್ತು ದಾಟಿದ ಪ್ರತಿಯೊಬ್ಬ ಪಾಲಕನನ್ನೂ ವರುಷಕ್ಕೊಮ್ಮೆ ಅಳೆಯಲಿ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಪರಿಷ್ಕರಿಸಿದ ಅಪಾಯದ ಕೋಷ್ಟಕದಲ್ಲಿ ರಕ್ತಪರೀಕ್ಷೆಯೇ ಬೇಕಿಲ್ಲದ ಒಂದು ಬಗೆಯಿದೆ. ವಯಸ್ಸು, ಲಿಂಗ, ಧೂಮಪಾನ, ಮೇಲಿನ ರಕ್ತದೊತ್ತಡ, ಎತ್ತರ ತೂಕಗಳ ಪ್ರಮಾಣ ಇಷ್ಟನ್ನೇ ನೋಡಿ, ನಲವತ್ತು ದಾಟಿದವರಿಗೆ ಮುಂದಿನ ಹತ್ತು ವರುಷಗಳ ಅಪಾಯವನ್ನು ಅದು ಅಂದಾಜುಮಾಡುತ್ತದೆ. ಅದರ ಕನ್ನಡ ಪ್ರತಿ ಪ್ರತಿ ಶಾಲೆಯ ಗೋಡೆಯ ಮೇಲಿರಲಿ.

ಒತ್ತಡ ಏರಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿಕೊಟ್ಟು ಕಳಿಸಬೇಕು. ಮೂವತ್ತು ದಾಟಿದವರನ್ನು ಮನೆಬಾಗಿಲಲ್ಲೇ ತಪಾಸಿಸಿ ಔಷಧ ಒದಗಿಸಲೆಂದು ರಾಜ್ಯ ಸರಕಾರ ೨೦೨೪ರಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ತೊಡಗಿದೆ. ೨೦೨೧ರ ಅಕ್ಟೋಬರ ೨೯ರಂದು ನಾಲ್ವತ್ತಾರರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜಕುಮಾರರ ಹೆಸರಿನ 'ಹೃದಯಜ್ಯೋತಿ' ಯೋಜನೆ, ಎದೆನೋವಿನಿಂದ ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡು. ನಾವು ಹೊಸ ದವಾಖಾನೆ ಕಟ್ಟಬೇಕಾಗಿಲ್ಲ. ಇರುವುದಕ್ಕೆ ಜನರನ್ನು ತಲುಪಿಸಿ, ಮರಳಿ ಬಾರದವರ ಮನೆಗೆ ಹೋಗಿ ಕೇಳುವ ಕೆಲಸ ನಮ್ಮದು. ಹಳ್ಳಿಯ ಪ್ರತಿ ಮನೆಯ ಪರಿಚಯವುಳ್ಳ ಶಾಲೆಯಂಥ ಸಂಸ್ಥೆಗೆ ಇದು ಸುಲಭ, ಯಂತ್ರಕ್ಕೆ ಅಸಾಧ್ಯ.

ಎರಡನೆಯದಾಗಿ ಉಪ್ಪಿನ ಮಾತು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಬಲ್ಲ ನಮಗೆ ಈ ಮಿತಿ ಮೀರುವುದು ಎಷ್ಟು ಸುಲಭವೆಂದು ಗೊತ್ತು. ಚೀನದ ೬೦೦ ಹಳ್ಳಿಗಳಲ್ಲಿ, ಲಕ್ವಕ್ಕೆ ಒಮ್ಮೆ ತುತ್ತಾದವರು ಮತ್ತು ಒತ್ತಡವುಳ್ಳ ಮುದುಕರು ಸೇರಿ ೨೦,೯೯೫ ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಅಡಿಗೆಯ ಉಪ್ಪಿನ ಕಾಲುಭಾಗದಷ್ಟನ್ನು ಪೊಟ್ಯಾಶಿಯಂ ಲವಣಕ್ಕೆ ಬದಲಿಸಿದ್ದರಿಂದಲೇ ಲಕ್ವದ ಪ್ರಮಾಣ ಶೇಕಡಾ ೧೪ ಇಳಿಯಿತೆಂದು ೨೦೨೧ರಲ್ಲಿ ವರದಿಯಾಯಿತು. ಮೂತ್ರಪಿಂಡದ ರೋಗವುಳ್ಳವರಿಗೆ ಈ ಲವಣ ಅಪಾಯಕರವಾದ್ದರಿಂದ ವೈದ್ಯರನ್ನು ಕೇಳದೆ ಯಾರೂ ಇದನ್ನು ಬಳಸಕೂಡದು. ಆದರೆ ನಮ್ಮ ಪ್ರಸಾದ ನಿಲಯದ ಅಡಿಗೆಮನೆಯಲ್ಲಿ ಉಪ್ಪನ್ನು ತೂಗಿ ಹಾಕುವುದಕ್ಕೆ ಯಾರನ್ನು ಕೇಳಬೇಕು? ಇಲ್ಲಿ ಉಂಡ ರುಚಿಯೇ ಆ ಮಕ್ಕಳಿಗೆ ಬಾಳಿನುದ್ದಕ್ಕೂ ರುಚಿಯಾಗುತ್ತದೆ. ಧಮನಿಗಳು ಪೆಡಸಾಗುವುದು ಮುಪ್ಪಿನಲ್ಲಿ ಕಾಣಿಸಿದರೂ ತೊಡಗುವುದು ಎಳವೆಯಲ್ಲಿ.

ಬಡವರಿಗೆ ಹೊಸ ವಿಜ್ಞಾನ ಬೇಡವೇ, ಅವರಿಗೆ ಹಳೆಯ ಪಟ್ಟಿಯೇ ಸಾಕೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದ ಹಿಂದಿರುವ ಸ್ವಾಭಿಮಾನವನ್ನು ನಾನು ಮೆಚ್ಚುತ್ತೇನೆ. ಹೊಸ ವಿಜ್ಞಾನ ಬೇಕು, ಅದಕ್ಕೆ ತಕ್ಕ ಪೀಠವೂ ಬೇಕು. ನಮ್ಮ ನೋಂದಣಿ ಪುಸ್ತಕ ಮೂರು ವರುಷ ತಪ್ಪದೆ ನಡೆದು ಸಾವಿರ ಜನರ ಲೆಕ್ಕ ಕೈಗೆ ಬಂದಾಗ, ವಿಜಾಪುರದ ವಿದ್ವಾಂಸರನ್ನೋ ಹುಬ್ಬಳ್ಳಿ ಧಾರವಾಡಗಳ ವೈದ್ಯಕೀಯ ಮಹಾವಿದ್ಯಾಲಯಗಳವರನ್ನೋ ಆಮಂತ್ರಿಸೋಣ. ನಡುವಣ ಅಪಾಯದ ವರ್ಗದವರನ್ನು ಶಾಂತವಾದ ಕೋಣೆಯಲ್ಲಿ, ಶಿಕ್ಷಿತ ಕೈಗಳಿಂದ, ಅವರ ಒಪ್ಪಿಗೆ ಪಡೆದು ಅಳೆಯಿಸೋಣ. ಆಗ ಆ ಅಳತೆ ಅವರಿಗೂ ಉಪಯೋಗವಾದೀತು, ನಮ್ಮ ಸೀಮೆಯ ಜನರದೇ ಮಾನದಂಡವನ್ನು ರೂಪಿಸುವ ಶಾಸ್ತ್ರಕ್ಕೂ ಕಾಣಿಕೆಯಾದೀತು.

ದಾನವು ದೊಡ್ಡದಾಗಿ ಕಾಣಬೇಕೆಂಬ ಆಸೆ ಸಹಜ. ಹೊಳೆಯುವ ಯಂತ್ರದ ಮೇಲೆ ದಾನಿಯ ಹೆಸರು ಚೆನ್ನಾಗಿ ಕಾಣುತ್ತದೆ, ನೋಂದಣಿ ಪುಸ್ತಕದ ಮೇಲೆ ಅಷ್ಟಾಗಿ ಕಾಣದು. ಆದರೆ ಆ ಪುಸ್ತಕದ ಒಂದೊಂದು ಸಾಲೂ ಒಂದೊಂದು ಮನೆ. ಈ ಸಂಸ್ಥೆಯನ್ನು ಕಟ್ಟಿದ ಹಿರಿಯರು ಮನೆಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕರೆತಂದರು. ಅದೇ ಮನೆಗಳಿಗೆ ಮತ್ತೊಮ್ಮೆ ಹೋಗಿ, ತಂದೆತಾಯಿಗಳ ನಾಡಿಯನ್ನು ವಿಚಾರಿಸಿ ಬರುವ ಸಂಕಲ್ಪವನ್ನು ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನವೇ ಶಿಕ್ಷಕ ಬಂಧುಗಳು ಕೈಗೊಳ್ಳಲಿ, ದಾನಿಗಳು ಅದಕ್ಕೆ ನೆರವಾಗಲಿ ಎಂದು ಪ್ರಾರ್ಥಿಸುತ್ತೇನೆ.